ವೇದಾಳ ಪಾಸು, ಹರಿಣಿಯ ಮೊಣಕಾಲು

ಅಮೆರಿಕದ ಜರ್ಮನ್‌ಟೌನಿನ ವೇದಾ ಯಾರ ಮಾತಿಗೂ ಸುಲಭವಾಗಿ ಸೊಪ್ಪು ಹಾಕುವ ಹೆಂಗಸಲ್ಲ. ಲಸಿಕೆ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಕ್ವಾಲಿಟಿ ನೋಡುವ ಕೆಲಸ ಅವಳದು. ಅವಳು ಒಪ್ಪಿ ಸಹಿ ಹಾಕದೆ ಒಂದು ಸೀಸೆಯೂ ಬಾಗಿಲು ದಾಟುವುದಿಲ್ಲ. ಒಮ್ಮೆ ಲೇಬಲ್ಲಿನ ಅಂಚು ಕೂದಲೆಳೆಯಷ್ಟು ಸೊಟ್ಟಗಿದೆಯೆಂದು ಇಡೀ ಬ್ಯಾಚನ್ನೇ ನಿಲ್ಲಿಸಿ, ಮ್ಯಾನೇಜರನ ಕೈಲಿ ಬೈಸಿಕೊಂಡು, ಕೊನೆಗೆ ತಾನೇ ಗೆದ್ದವಳು. ಮೈಸೂರಿನ ಸರಸ್ವತೀಪುರಂನಲ್ಲಿ ಹುಟ್ಟಿ ಬೆಳೆದ ಅವಳು ಬದುಕಿನಲ್ಲಿ ಆಡಿದ ಆಟವೆಂದರೆ ಕುಂಟೆಬಿಲ್ಲೆ ಒಂದೇ. ಅದನ್ನೂ ಹನ್ನೆರಡು ತುಂಬುವಷ್ಟರಲ್ಲಿ ಅಜ್ಜಿ ಗದರಿಸಿ ಬಿಡಿಸಿದರು. ಆಮೇಲೆ ಓದು, ಮದುವೆ, ಅಮೆರಿಕ, ಮಗಳು, ಲ್ಯಾಬು, ಕನ್ನಡ ಕೂಟದ ಹಬ್ಬಕ್ಕೆ ನೂರು ಜನರ ಪುಳಿಯೋಗರೆ. ನಿಂತು ಕೆಲಸ ಮಾಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅವಳು ತನ್ನ ಕಾಲುಗಳನ್ನು ಬಳಸಿರಲಿಲ್ಲ.

ಅಂಥವಳು ನಲವತ್ತಾರನೇ ವಯಸ್ಸಿನಲ್ಲಿ ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಕಲಿತಳು ಎಂದರೆ ನಗು ಬರಬಹುದು. ಗಂಡ ಪ್ರತಾಪನಿಗೂ ಬಂತು. ಅದು ೨೦೨೧ರ ಜನವರಿ. ಕೋವಿಡ್ಡಿನ ದೆಸೆಯಿಂದ ಯಾರೂ ಯಾರ ಮನೆಗೂ ಹೋಗುವಂತಿಲ್ಲ, ಲ್ಯಾಬಿನಲ್ಲಿ ಮಾತ್ರ ಉಸಿರಾಡಲು ಪುರುಸೊತ್ತಿಲ್ಲದ ಕೆಲಸ. ಒಂದು ಭಾನುವಾರ ತಲೆ ಕೆಟ್ಟು, ಕಾರು ಹತ್ತಿ, ಪೆನ್ಸಿಲ್ವೇನಿಯಾದ ಗಡಿ ದಾಟಿದರೆ ಸಿಗುವ ಕ್ರೋವೆಲ್ ರಿಡ್ಜ್ ಎಂಬ ಪುಟ್ಟ ಸ್ಕೀ ಬೆಟ್ಟಕ್ಕೆ ಹೋದಳು. ಅಲ್ಲಿ ಮೂವತ್ತು ವರ್ಷದಿಂದ ಹೊಸಬರಿಗೆ ಕಲಿಸುತ್ತಿದ್ದ ಲೊರೇನ್ ಎಂಬ ಮುದುಕಿ ಅವಳನ್ನು ಕೈಹಿಡಿದು ನಿಲ್ಲಿಸಿದಳು. ವೇದಾ ಮೊದಲ ದಿನ ಹದಿನೇಳು ಸಲ ಬಿದ್ದಳು. ಹದಿನೆಂಟನೇ ಸಲ ಬೀಳದೆ ಕೆಳಗಿನವರೆಗೂ ಬಂದು ನಿಂತಾಗ, ಮಾಸ್ಕಿನೊಳಗೇ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಸಂತೋಷ ಅವಳಿಗೆ ಮಗಳು ಹುಟ್ಟಿದ ಮೇಲೆ ಆಗಿರಲಿಲ್ಲ. ಇದು ಅವಳೇ ಹೇಳಿದ ಮಾತು, ನಾನು ಕಟ್ಟಿದ್ದಲ್ಲ.

ಒಂದು ವರ್ಷ ಕಳೆಯುವಷ್ಟರಲ್ಲಿ ಬೆಟ್ಟವನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಅವರದು ಒಂದೇ ಪಾಸು. ಅದಿದ್ದರೆ ದೇಶದ ಮೂವತ್ತು ಚಿಲ್ಲರೆ ಬೆಟ್ಟಗಳಲ್ಲಿ ಎಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ ಇಳಿಯಬಹುದು. ಚಳಿಗಾಲಕ್ಕೆ ಎಷ್ಟೋ ಮೊದಲು, ಏಪ್ರಿಲಿನಲ್ಲೇ ಕೊಂಡರೆ ಅಗ್ಗ. ಕೊಳ್ಳದೆ ಆ ದಿನವೇ ಹೋಗಿ ಕಿಟಕಿಯಲ್ಲಿ ಕೇಳಿದರೆ, ಮೊದಲು ಐವತ್ತೈದು ಡಾಲರಿದ್ದ ಟಿಕೆಟ್ಟು ಈಗ ನೂರು ದಾಟಿತ್ತು. ವರ್ಷಕ್ಕೊಮ್ಮೆ ಮಕ್ಕಳಿಗೆ ಹಿಮ ತೋರಿಸಲು ಬರುತ್ತಿದ್ದವರ ಕೈ ಕಟ್ಟಿತು. ಪಾಸಿದ್ದವರೋ, ಹೇಗೂ ದುಡ್ಡು ಕಟ್ಟಿಯಾಗಿದೆಯಲ್ಲ ಎಂದು ವಾರ ವಾರವೂ ಬರತೊಡಗಿದರು.

ವೇದಾ ಈ ಲೆಕ್ಕವನ್ನು ಕೂತು ಹಾಕಿದಳು. ತಾನೊಂದು ಪಾಸು ಕೊಂಡು ಸುಮ್ಮನಿರಬಹುದಿತ್ತು. ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿಗೆ ಬರೆದಳು: ‘ನಾಲ್ಕು ಸಲ ಹೋದ್ರೆ ದುಡ್ಡು ವಸೂಲಿ. ಐದನೇ ಸಲದಿಂದ ಫ್ರೀ!’ ವಸೂಲಿ ಎಂಬ ಮಾತು ಕೇಳಿದರೆ ನಮ್ಮವರ ಕಿವಿ ನೆಟ್ಟಗಾಗುವುದು ಹೊಸದೇನಲ್ಲ. ಎರಡು ವರ್ಷದಲ್ಲಿ ನಲವತ್ತಮೂರು ಜನ ಪಾಸು ಕೊಂಡರು. ಸ್ಕೀ ಎಂದರೆ ಕಾಲಿಗೆ ಕಟ್ಟುವುದೋ ಕೈಗೋ ಎಂದು ಗೊತ್ತಿಲ್ಲದವರೂ ಕೊಂಡರು. ಜ್ವರ ಬಂದರೂ ಬಿಡದೆ, ಮಗುವಿನ ಬರ್ತ್‌ಡೇ ಮುಂದಕ್ಕೆ ಹಾಕಿ, ವಸೂಲಿಗೆಂದು ಹೊರಟರು. ಕೂಟದ ಹೆಂಗಸರೆಲ್ಲ ‘ವೇದಕ್ಕ, ನಮ್ಮನ್ನೂ ಕರ್ಕೊಂಡ್ ಹೋಗಿ’ ಅನ್ನುವಾಗ ಅವಳು ಉಬ್ಬಿಹೋಗುತ್ತಿದ್ದಳು. ಲೊರೇನ್ ಮಾತ್ರ ಒಮ್ಮೆ, ಮೊದಲೆಲ್ಲ ಬಂದವರ ಹೆಸರು ಕೇಳುತ್ತಿದ್ದೆ, ಈಗ ತಲೆ ಎಣಿಸುವುದಷ್ಟೇ ಆಗಿದೆ ಎಂದು ಬೇಸರದಿಂದ ಹೇಳಿದಳು. ಆ ತಲೆಗಳಲ್ಲಿ ನಲವತ್ತಮೂರು ತಾನೇ ತಂದದ್ದು ಎಂದು ವೇದಾಳಿಗೆ ಆಗ ಹೊಳೆಯಲಿಲ್ಲ.

ಪಾಸು ಕೊಂಡವರಲ್ಲಿ ಕೊನೆಯವಳು ಹರಿಣಿ. ಎಲಿಕಾಟ್ ಸಿಟಿಯವಳು, ವೇದಾಳಿಗಿಂತ ಹತ್ತು ವರ್ಷ ಚಿಕ್ಕವಳು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಗಂಡ ಶ್ರೇಯಸ್ ಪ್ರಾಜೆಕ್ಟಿನ ಮೇಲೆ ವಾರವಿಡೀ ಜಾರ್ಜಿಯಾದ ಜಾನ್ಸ್ ಕ್ರೀಕಿನಲ್ಲಿರುತ್ತಾನೆ, ಶುಕ್ರವಾರ ವಿಮಾನ ಹಿಡಿದು ಬಂದರೆ ಬಂದ. ಒಂಬತ್ತು ವರ್ಷದ ಮಗಳು ಶ್ರಾವಣಿಯನ್ನು ಕಟ್ಟಿಕೊಂಡು ಹರಿಣಿಯೊಬ್ಬಳೇ ಮನೆ ನಿಭಾಯಿಸುತ್ತಿದ್ದಳು. ಅವಳಿಗೆ ಯಾರಿಗೂ ಇಲ್ಲ ಅನ್ನಲು ಬಾರದು. ಕೂಟದಲ್ಲಿ ಯಾರೂ ಒಪ್ಪದ ಕೆಲಸವೆಲ್ಲ ಕೊನೆಗೆ ಅವಳ ತಲೆಗೇ ಬರುತ್ತಿತ್ತು. ವೇದಾ ‘ನೀನೂ ತಗೊಳ್ಳೇ, ನಾನು ಕಲಿಸ್ತೀನಿ’ ಅಂದಳು. ಹರಿಣಿ ‘ಆಯ್ತು ವೇದಕ್ಕ’ ಅಂದಳು. ಅಷ್ಟೇ ನಡೆದದ್ದು.

೨೦೨೪ರ ಜನವರಿ, ಸೋಮವಾರ ರಜೆಯಿದ್ದ ಲಾಂಗ್ ವೀಕೆಂಡಿನ ಭಾನುವಾರ. ಶ್ರಾವಣಿಯನ್ನು ಅವಳಪ್ಪನಿಗೆ ಒಪ್ಪಿಸಿ ಹರಿಣಿ, ವೇದಾ, ಪ್ರತಾಪ ಬೆಳಿಗ್ಗೆ ಆರಕ್ಕೇ ಹೊರಟರೂ ಬೆಟ್ಟದ ಪಾರ್ಕಿಂಗ್ ತುಂಬಿತ್ತು. ದೂರದ ಹೊಲವೊಂದರಲ್ಲಿ ಕಾರು ಬಿಟ್ಟು ಬಸ್ಸು ಹಿಡಿದು ಬರಬೇಕಾಯಿತು. ಬೂಟು ಬಾಡಿಗೆಗೆ ಒಂದು ಗಂಟೆ ಕ್ಯೂ. ಹೊಸಬರನ್ನು ನಿಂತಲ್ಲೇ ಮೇಲಕ್ಕೊಯ್ಯುವ ಉರುಳುಪಟ್ಟಿಗೆ ಮುಕ್ಕಾಲು ಗಂಟೆ ಕ್ಯೂ. ಕಾದು ಮೇಲೆ ಹೋದರೆ ಒಂದು ನಿಮಿಷದಲ್ಲಿ ಕೆಳಗೆ, ಮತ್ತೆ ಕ್ಯೂ. ಹರಿಣಿಗೆ ಅದು ಎರಡನೇ ಪಾಠ. ತಿರುಗಲು ಇನ್ನೂ ಬರುತ್ತಿರಲಿಲ್ಲ, ನಿಲ್ಲಲು ಅರ್ಧಂಬರ್ಧ ಬರುತ್ತಿತ್ತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅವರು ಇಳಿದದ್ದು ಒಟ್ಟು ಮೂರು ಸಲ. ವೇದಾಳ ಕಣ್ಣು ಆಗಾಗ ಎಡಗಡೆಯ ಬೆಟ್ಟದ ಮೇಲೆ ಹೋಗುತ್ತಿತ್ತು. ಅದು ಸ್ವಲ್ಪ ಪಳಗಿದವರ ಇಳಿಜಾರು. ತಂತಿಗೆ ತೂಗುವ ಕುರ್ಚಿಗಳಲ್ಲಿ ಕೂರಿಸಿ ಮೇಲಕ್ಕೊಯ್ಯುವ ಅಲ್ಲಿನ ಲಿಫ್ಟಿಗೆ ಕ್ಯೂ ಅಷ್ಟೊಂದಿರಲಿಲ್ಲ.

“ಹರಿಣಿ, ಇಲ್ಲೇ ನಿಂತಿದ್ರೆ ಸಂಜೆ ಆಗೋಗುತ್ತೆ. ಬಾ, ಆ ಲಿಫ್ಟಿಗೆ ಹೋಗೋಣ. ಜೊತೆಗೇ ಇಳಿಸ್ಕೊಂಡ್ ಬರ್ತೀನಿ,” ಅಂದಳು ವೇದಾ.

“ನಂಗೆ ಮ್ಯಾನೇಜ್ ಆಗುತ್ತಾ ವೇದಕ್ಕ?”

“ಆಗುತ್ತೆ ಕಣೇ. ಎಷ್ಟ್ ದಿನ ಅಂತ ಇಲ್ಲೇ ತೆವಳ್ತೀಯ?”

ಹರಿಣಿ ಒಂದು ಗಳಿಗೆ ಅವಳ ಮುಖ ನೋಡಿ, “ಸರಿ, ನಡೀರಿ,” ಅಂದಳು.

ಮೇಲೆ ಹೋದರೆ ನೆಲವೆಲ್ಲ ಗಟ್ಟಿ ಮಂಜುಗಡ್ಡೆ. ಅಷ್ಟು ಜನ ಕೆರೆದು ಕೆರೆದು ಮೆತ್ತನೆಯ ಹಿಮವೆಲ್ಲ ಪಕ್ಕಕ್ಕೆ ಸರಿದಿತ್ತು. ಎಡಕ್ಕೂ ಬಲಕ್ಕೂ ಜನ ಬಾಣದ ಹಾಗೆ ಹೋಗುತ್ತಿದ್ದರು. ವೇದಾ ಮುಂದೆ, ಹರಿಣಿ ಹಿಂದೆ. ಅರ್ಧ ಇಳಿದಿದ್ದಾಗ ಒಂದೇ ಹಲಗೆಯ ಮೇಲೆ ಜಾರುವ ಸ್ನೋಬೋರ್ಡಿನವನೊಬ್ಬ ಹರಿಣಿಯ ಮುಖದ ಮುಂದೆಯೇ ಅಡ್ಡ ಹಾದುಹೋದ. ಅವಳು ಗಾಬರಿಯಾಗಿ ತಿರುಗಲು ಹೋದಳು. ಮೈ ತಿರುಗಿತು, ಸ್ಕೀ ತಿರುಗಲಿಲ್ಲ. ಅವಳ ಚೀರಾಟ ಕೇಳಿ ವೇದಾ ತಟ್ಟನೆ ನಿಂತು ಹಿಂದಿರುಗಿ ನೋಡಿದಳು. ಕಾವಲು ಸಿಬ್ಬಂದಿ ಹರಿಣಿಯನ್ನು ಜಾರುಬಂಡಿಯಲ್ಲಿ ಮಲಗಿಸಿ, ಬೆಲ್ಟು ಬಿಗಿದು ಕೆಳಗೆ ಎಳೆದೊಯ್ದರು. ವೇದಾ ಅವಳ ಎರಡು ಸ್ಕೀ ಕೋಲುಗಳನ್ನು ಎದೆಗವಚಿಕೊಂಡು ಹಿಂದೆ ಇಳಿದಳು.

ಮೊಣಕಾಲಿನ ಕೆಳಗಿನ ಮೂಳೆ ಸೀಳಿತ್ತು, ಕೀಲನ್ನು ಹಿಡಿದಿಡುವ ಒಳಗಿನ ಲಿಗಮೆಂಟೂ ಹರಿದಿತ್ತು. ಆಪರೇಷನ್ ಆಯಿತು. ಎರಡು ತಿಂಗಳು ಕಾಲು ನೆಲಕ್ಕೆ ಊರುವಂತಿಲ್ಲ, ಮನೆಯೋ ಲಿಫ್ಟಿಲ್ಲದ ಎರಡನೇ ಮಹಡಿ. ಕೂಟದವರು ಊಟದ ಸರದಿ ಹಾಕಿಕೊಂಡರು, ಶ್ರಾವಣಿಯನ್ನು ಸ್ಕೂಲಿಗೆ ಬಿಡುವ ಸರದಿಯನ್ನೂ ಹಾಕಿಕೊಂಡರು. ಬಂದವರೆಲ್ಲ ಸಾರಿನ ಡಬ್ಬಿ ಇಟ್ಟು, ಕಂಪನಿಯ ಜನ್ಮ ಜಾಲಾಡಿ ಹೋದರು. ಅಷ್ಟು ಪಾಸು ಮಾರಿದರೆ ಇನ್ನೇನಾಗುತ್ತೆ? ಅದು ಬೆಟ್ಟವೋ ಮೆಜೆಸ್ಟಿಕ್ ಬಸ್ ಸ್ಟ್ಯಾಂಡೋ?

ವೇದಾ ಕಂಪನಿಗೆ ಪತ್ರ ಬರೆಯಲು ಕೂತಳು. ಮೂರು ಪುಟ. ಲ್ಯಾಬಿನ ರಿಪೋರ್ಟಿನ ಹಾಗೆ ಯಾವ ಕ್ಯೂನಲ್ಲಿ ಎಷ್ಟು ನಿಮಿಷ, ಇಳಿಜಾರಿನಲ್ಲಿ ಎಷ್ಟು ಜನ, ಕಾವಲಿಗೆ ಎಷ್ಟು ಮಂದಿ, ಎಲ್ಲ ಬರೆದಳು. ರಜೆಯ ದಿನ ಇಂತಿಷ್ಟೇ ಜನ ಎಂದು ಮಿತಿ ಹಾಕಿ, ಹೊಸಬರಿಗೆ ಒಂದು ದಿನದ ಟಿಕೆಟ್ಟಿನ ಬೆಲೆ ಇಳಿಸಿ, ಎಲ್ಲರನ್ನೂ ಪಾಸಿಗೆ ದೂಡಬೇಡಿ ಎಂದು ಕೇಳಿದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಲವತ್ತೆರಡು ಜನ ಫೋನಿನಲ್ಲೇ ಬೆರಳಾಡಿಸಿ ಸಹಿ ಹಾಕಿದರು. ಹರಿಣಿಯೊಬ್ಬಳು ಹಾಕಲಿಲ್ಲ. ಕೇಳಿದರೆ ‘ನೋಡ್ತೀನಿ ವೇದಕ್ಕ’ ಎಂದು ಮೆಸೇಜು. ಎರಡನೇ ವಾರವೂ ಅದೇ. ಮೂರನೇ ವಾರವೂ ಅದೇ.

“ಕಾಲು ಮುರಿದುಕೊಂಡವಳ ಸಹಿ ಇಲ್ದೆ ಈ ಪತ್ರ ಯಾರು ಓದ್ತಾರೆ?” ಅಂದ ಪ್ರತಾಪ, ಅಡುಗೆಮನೆಯಲ್ಲಿ ಪತ್ರ ತಿರುವಿಹಾಕುತ್ತ. ಅವನು ಸ್ಕೀ ಮುಟ್ಟಿದವನಲ್ಲ. ಆ ದಿನವೂ ಬೆಟ್ಟದ ಕೆಳಗೆ, ಬಂದವರು ಚಳಿ ಕಾಯಿಸುವ ಲಾಡ್ಜಿನಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದ. “ಅದ್ ಸರಿ, ಎಲ್ಲ ಬರ್ದಿದ್ದೀಯ. ನೀವಿಬ್ರೂ ಆ ಲಿಫ್ಟಿಗೆ ಯಾಕ್ ಹೋದ್ರಿ ಅಂತ ಎಲ್ಲೂ ಇಲ್ವಲ್ಲ?”

“ಅದು ಇಲ್ಲಿಗೆ ಸಂಬಂಧ ಇಲ್ಲ ರೀ,” ಎಂದು ವೇದಾ ಹಾಳೆ ಕಿತ್ತುಕೊಂಡಳು. ಎರಡು ತಿಂಗಳಿಂದ ಯಾರೂ ಕೇಳದ ಪ್ರಶ್ನೆ ಅದು. ಕೇಳಿಯಾರೆಂಬ ಹೆದರಿಕೆಯಲ್ಲೇ ಅವಳು ಮೂರು ಪುಟ ಬರೆದಿದ್ದಳು.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಬಿಸಿಬೇಳೆಬಾತಿನ ಡಬ್ಬಿ, ಲ್ಯಾಪ್‌ಟಾಪು ಹಿಡಿದು ಅವಳೇ ಎಲಿಕಾಟ್ ಸಿಟಿಗೆ ಹೋದಳು. ಬಾಗಿಲು ತೆಗೆದ ಶ್ರಾವಣಿ, “ಆಂಟಿ, ಅಮ್ಮ ಸೋಫಾದಲ್ಲಿ ಇದೆ. She can’t get up,” ಎಂದು ಒಳಗೋಡಿದಳು. ಶ್ರೇಯಸ್ ಆ ವಾರ ಬಂದಿರಲಿಲ್ಲ. ಹರಿಣಿ ಕಾಲನ್ನು ದಿಂಬಿನ ಮೇಲೆ ಚಾಚಿ ಕೂತಿದ್ದಳು. ಮುಖ ಬಿಳಿಚಿ, ಅರ್ಧಕ್ಕಿಳಿದಿದ್ದಳು. ವೇದಾಳಿಗೆ ನೋಡಲಾಗಲಿಲ್ಲ. ಸಿಂಕಿನ ಪಾತ್ರೆ ತೊಳೆದಳು, ಕಾಫಿ ಮಾಡಿ ಕೊಟ್ಟಳು, ಮಗುವಿಗೆ ತಟ್ಟೆಗೆ ಹಾಕಿ ಕೊಟ್ಟು ರೂಮಿಗೆ ಕಳಿಸಿದಳು. ಮಾಡಲು ಇನ್ನೇನೂ ಉಳಿಯದಾದಾಗ ಎದುರಿಗೆ ಕೂತಳು.

“ಪತ್ರ ಓದಿದ್ಯಾ?”

“ನಾಲ್ಕ್ ಸಲ ಓದಿದೆ. ಸುಳ್ಳು ಏನೂ ಇಲ್ಲ ವೇದಕ್ಕ. ಆದ್ರೆ ಅದನ್ನ ಓದಿದ್ರೆ ನಾನು ಆ ಬೆಟ್ಟದ ಮೇಲೆ ಹೇಗ್ ಬಂದೆ ಅಂತ ಗೊತ್ತಾಗಲ್ಲ. ಗಾಳಿ ಹೊತ್ಕೊಂಡ್ ಹೋಗಿ ಇಟ್ಟ ಹಾಗಿದೆ.”

ವೇದಾ ಲೋಟ ಕೆಳಗಿಟ್ಟಳು. “ನಾನೇ ಕರ್ಕೊಂಡ್ ಹೋಗಿದ್ದು. ಕ್ಯೂ ಚಿಕ್ಕದಿತ್ತು ಅಂತ. ನೀನು ಮ್ಯಾನೇಜ್ ಮಾಡ್ತೀಯ ಅಂದ್ಕೊಂಡೆ.”

“ಅಂದ್ಕೊಂಡ್ರಾ?”

ಕೂದಲೆಳೆಯ ಸೊಟ್ಟಿಗೆ ಬ್ಯಾಚು ನಿಲ್ಲಿಸುವ ವೇದಾ ತಲೆ ತಗ್ಗಿಸಿದಳು. ತನ್ನದೇ ಉತ್ತರ ತನಗೇ ಪಾಸಾಗಲಿಲ್ಲ. “ಇಲ್ಲ,” ಅಂದಳು. “ನಿಂಗೆ ಬರಲ್ಲ ಅಂತ ಗೊತ್ತಿತ್ತು. ಬೆಳಿಗ್ಗೆಯಿಂದ ಕಾದು ಕಾದು ನಂಗೆ ಸಾಕಾಗೋಗಿತ್ತು. ನಾನೊಂದು ಸಲ ಸರಿಯಾಗಿ ಇಳೀಬೇಕು ಅಂತ ಆಸೆ ಆಗಿತ್ತು. ನಿನ್ನನ್ನ ಒಬ್ಳೇ ಬಿಟ್ ಹೋದ್ರೆ ಕೆಟ್ಟದಾಗಿ ಕಾಣುತ್ತೆ ಅಂತ ಜೊತೆಗೆ ಎಳ್ಕೊಂಡ್ ಹೋದೆ.” ಅವಳು ಅಳುತ್ತಿದ್ದಳು. ಅಳು ತಡೆಯಲು ಪ್ರಯತ್ನವನ್ನೂ ಮಾಡಲಿಲ್ಲ.

ಹರಿಣಿಯ ಕಣ್ಣಲ್ಲಿ ನೀರಿರಲಿಲ್ಲ. “ನಂಗೂ ಗೊತ್ತಿತ್ತು, ವೇದಕ್ಕ. ನೀವು ಬೆಳಿಗ್ಗೆಯಿಂದ ಆ ಕಡೆಗೇ ನೋಡ್ತಿದ್ರಿ. ನನ್ನಿಂದ ನಿಮ್ಮ ದಿನ ಹಾಳಾಗ್ತಿದೆ, ಅಷ್ಟೊಂದು ದುಡ್ಡು ಕೊಟ್ಟಿದ್ದಾರೆ ಪಾಪ, ಅಂತ ದಾಕ್ಷಿಣ್ಯ ಆಯ್ತು. ಅದಕ್ಕೇ ಸರಿ ಅಂದೆ. ನಂಗೆ ಎಷ್ಟ್ ಹೆದರಿಕೆ ಆಗಿತ್ತು ಗೊತ್ತಾ? ಈಗ ಎಲ್ರೂ ಬಂದು ಕಂಪನಿ, ಕಂಪನಿ ಅಂತಾರೆ. ನಾನು ಹೂಂ ಅಂತೀನಿ. ಅದೂ ದಾಕ್ಷಿಣ್ಯಕ್ಕೇ.”

ಒಳಗಿನ ರೂಮಿನಿಂದ ಕಾರ್ಟೂನಿನ ಸದ್ದು ಬರುತ್ತಿತ್ತು. ವೇದಾ ಮೂಗು ಒರೆಸಿಕೊಂಡು, “ಪತ್ರ ಬಿಟ್ಬಿಡ್ಲಾ?” ಅಂದಳು.

“ಬೇಡ, ಕಳಿಸಿ. ಅಲ್ಲಿ ಅಷ್ಟು ಜನರನ್ನ ತುಂಬೋದು ತಪ್ಪೇ. ಆದ್ರೆ ಆ ಮಾತನ್ನೂ ಸೇರಿಸಿ. ಸಹಿ ಹಾಕ್ತೀನಿ.”

ವೇದಾ ಲ್ಯಾಪ್‌ಟಾಪು ತೆರೆದಳು. ಆ ಒಂದು ಸಾಲು ಬರೆಯಲು ಮೂರು ಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ‘ಹರಿಣಿಗೆ ಆ ಇಳಿಜಾರು ಮೀರಿದ್ದೆಂದು ತಿಳಿದಿದ್ದೂ, ಹೊಸಬರ ಕ್ಯೂ ತಪ್ಪಿಸಲು ಅವಳನ್ನು ಅಲ್ಲಿಗೆ ಕರೆದೊಯ್ದವಳು ನಾನು, ವೇದಾ.’ ಅದನ್ನು ಗಟ್ಟಿಯಾಗಿ ಓದಿದಳು. ಹರಿಣಿ ತಲೆಯಾಡಿಸಿ, ಫೋನಿನ ಮೇಲೆ ಬೆರಳಾಡಿಸಿದಳು. ಬದಲಾದ ಪತ್ರವನ್ನು ವೇದಾ ಮೊದಲು ಸಹಿ ಹಾಕಿದ ನಲವತ್ತೆರಡು ಜನಕ್ಕೂ ಕಳಿಸಿದಳು. ಇನ್ನೊಮ್ಮೆ ಓದಿ, ಬೇಡವಾದವರು ಹೆಸರು ತೆಗೆಸಬಹುದು ಎಂದೂ ಬರೆದಳು. ದಿನವಿಡೀ ಗುಂಯ್‌ಗುಡುವ ಕೂಟದ ಗುಂಪು ಅರ್ಧ ಗಂಟೆಯಾದರೂ ಉಸಿರೆತ್ತಲಿಲ್ಲ.

ಹೊರಡುವಾಗ ವೇದಾ ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಳು. ಹರಿಣಿ ಸೋಫಾದಿಂದಲೇ ಕರೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವ ಹಾಗಿತ್ತು.

“ವೇದಕ್ಕ, ಮುಂದಿನ ವರ್ಷ ನನ್ನ ಕರೀಬೇಡಿ. ಕರೆದ್ರೆ ಬಂದ್ಬಿಡ್ತೀನಿ.”