ಕರಿ ಎರಡರಲ್ಲಿ ಕಲಿತ ಹಾಡು

ಮಗಳು ಕಾಲೇಜಿನಲ್ಲಿ ಮ್ಯೂಸಿಕಲ್ ಥಿಯೇಟರ್ ಓದುತ್ತೇನೆ ಅಂದಾಗ ನಾನು ಕೂಗಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮಿಷಿಗನ್ನಿನ ವಾರೆನ್ ಊರಿನ ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರೂ ನಾನು ಕೂಗಾಡಿದೆ ಅಂತಲೇ ತಿಳಿದಿದ್ದಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಸುಳ್ಳಲ್ಲ. ಆದರೆ ಆವತ್ತು ಒಳಗೊಳಗೇ ಖುಷಿಯಾಗಿತ್ತು. ಹಾಡು, ಕುಣಿತ, ಮಾತು ಮೂರೂ ಇರುವ ನಾಟಕವನ್ನು ನಾಲ್ಕು ವರ್ಷ ಕಲಿಸಿ ಡಿಗ್ರಿ ಕೊಡುತ್ತಾರೆ ಅಂದರೆ ನನಗೆ ವಿಚಿತ್ರ ಅನಿಸಲಿಲ್ಲ.

ಗದಗಿನಲ್ಲಿ ನನ್ನ ದೊಡ್ಡಪ್ಪ ಒಂದು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಕಾಲಲ್ಲಿ ತಿದಿ ತುಳಿಯುತ್ತ, ಎರಡೂ ಕೈಯಲ್ಲಿ ಬಾರಿಸುತ್ತ, ಕಣ್ಣು ಮಾತ್ರ ರಂಗದ ಮೇಲೆ. ನಟ ಬಾಯಿ ತೆರೆದರೆ ಸಾಕು, ಇವತ್ತು ಅವನ ಗಂಟಲು ಎಷ್ಟರಮಟ್ಟಿಗೆ ಏಳುತ್ತದೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ನೆಗಡಿ ಆದವನಿಗೆ ಶ್ರುತಿ ಇಳಿಸುತ್ತಿದ್ದರು, ಹುರುಪಿನಲ್ಲಿ ಬಂದವನಿಗೆ ಏರಿಸುತ್ತಿದ್ದರು. ಪೇಟಿಯ ಕರಿ ಮನೆ, ಬಿಳಿ ಮನೆಗಳ ಲೆಕ್ಕದಲ್ಲಿ ಆ ಶ್ರುತಿಗೆ ಕರಿ ಒಂದು, ಬಿಳಿ ನಾಲ್ಕು ಅಂತ ಹೆಸರು. ಹಾಡುವವರು ಎಲ್ಲಿದ್ದಾರೋ ಅಲ್ಲಿಗೆ ಪೇಟಿ ಹೋಗಬೇಕು. ಅವರ ಪಕ್ಕದಲ್ಲಿ ಕೂತು ನಾನು ಕಲಿತದ್ದು ಇಷ್ಟೇ.

ಈಗ ನಾನು ಒಂದು ಕಾರು ಕಂಪನಿಯಲ್ಲಿ ಇಂಜಿನಿಯರ್. ಬ್ರೇಕ್ ಯಾಕೆ ಕಿರುಗುಡುತ್ತದೆ ಅಂತ ಹುಡುಕುವುದು ಕೆಲಸ. ಊರಿಂದ ತಂದ ಪೇಟಿ ವರ್ಷಗಟ್ಟಲೆ ಬೇಸ್‌ಮೆಂಟಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಕಾಲೇಜಿನ ಆಡಿಶನ್‌ಗೆ, ಅಂದರೆ ಸೀಟಿಗಾಗಿ ಹಾಡಿ ತೋರಿಸುವ ಪರೀಕ್ಷೆಗೆ, ಮಗಳು ಎರಡು ಹಾಡು ಸಿದ್ಧ ಮಾಡಬೇಕಿತ್ತು. ಚುರುಕಿನ ಹಾಡನ್ನು ಅವಳ ಸ್ಕೂಲಿನ ಸಂಗೀತದ ಟೀಚರ್ ಪಿಯಾನೋದಲ್ಲಿ ಕಲಿಸಿದರು. ನಿಧಾನದ ಹಾಡನ್ನು ಮನೆಯಲ್ಲಿ ಅಭ್ಯಾಸ ಮಾಡಿಸುತ್ತೇನೆ ಅಂತ ನಾನೇ ಮುಂದೆ ಬಿದ್ದೆ. ಹೆಂಡತಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ದಣಿದು ಬಂದವಳು, "ನಿಮಗ ಇಂಗ್ಲಿಷ್ ಹಾಡು ಬರ್ತದೇನ್ರಿ?" ಅಂತ ಕೇಳಿದಳು. ಸ್ವರಕ್ಕೆ ಯಾವ ಇಂಗ್ಲಿಷು ಅಂತ ಅವಳ ಬಾಯಿ ಮುಚ್ಚಿಸಿದೆ.

ಅಕ್ಟೋಬರಿನಿಂದ ದಿನಾ ಸಂಜೆ ಕೂತೆವು. ಶುರುವಿನಲ್ಲೇ ಅವಳಿಗೆ ನೆಗಡಿಯಾಯಿತು. ಮೂಲ ಹಾಡು ಬಿಳಿ ನಾಲ್ಕರಲ್ಲಿತ್ತು. ಮೂರನೇ ಸಾಲಿನಲ್ಲಿ ಒಂದು ಎತ್ತರದ ಸ್ವರ, ಅಲ್ಲಿ ಅವಳ ದನಿ ಒಡೆಯುತ್ತಿತ್ತು. ನಾನು ದೊಡ್ಡಪ್ಪನ ಹಾಗೆ ಶ್ರುತಿ ಇಳಿಸಿ ಕರಿ ಎರಡಕ್ಕೆ ತಂದೆ. ದನಿ ಎಣ್ಣೆ ಹಚ್ಚಿದ ಹಾಗೆ ಜಾರಿತು. ನೆಗಡಿ ವಾಸಿಯಾಯಿತು, ಕರಿ ಎರಡು ಹಾಗೇ ಉಳಿಯಿತು. ಮಗುವಿನ ಗಂಟಲಿಗೆ ಯಾಕೆ ಸುಮ್ಮನೆ ತ್ರಾಸು ಅನ್ನುವುದು ನನ್ನ ವಾದ.

ಆಡಿಶನ್ನಿನಲ್ಲಿ ಪಿಯಾನೋ ಬಾರಿಸುವವರಿಗೆ ಕೊಡುವ ಸ್ವರದ ಹಾಳೆಗಳನ್ನು ಪ್ರಿಂಟ್ ಮಾಡುವ ಜವಾಬ್ದಾರಿಯೂ ನನ್ನದೇ. ದುಡ್ಡು ಕಟ್ಟಿದ ವೆಬ್‌ಸೈಟು ಯಾವ ಶ್ರುತಿಯಲ್ಲಿ ಬೇಕು ಅಂತ ಕೇಳಿತು. ಮೂಲದಲ್ಲಿದ್ದ ಹಾಗೇ ಬಿಟ್ಟೆ. ಪಿಯಾನೋದವರು ಹೇಗೂ ಇವಳನ್ನು ಕೇಳುತ್ತಾರೆ, ಇವಳು ಹೇಳುತ್ತಾಳೆ, ಅವರು ಅಲ್ಲಿಂದ ಹಿಡಿಯುತ್ತಾರೆ. ಹಾಡಿನ ಜೊತೆ ಬಾರಿಸುವುದು ಅಂದರೆ ಅದೇ ತಾನೆ? ಹಾಳೆಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಣ್ಣದ ಚೀಟಿ ಅಂಟಿಸಿ, ಡಿಸೆಂಬರಿನಲ್ಲಿ ಬೈಂಡರ್ ತಯಾರು ಮಾಡಿ ಅವಳ ಕೈಗೆ ಕೊಟ್ಟೆ. ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆ.

ಫೆಬ್ರವರಿಯ ಒಂದು ಶುಕ್ರವಾರ ಅವಳೂ ನಾನೂ ಆಡಿಶನ್‌ಗೆಂದು ಡ್ರೈವ್ ಮಾಡಿಕೊಂಡು ಹೋಗಿ ಶಿಕಾಗೋ ಹತ್ತಿರದ ಶಾಮ್‌ಬರ್ಗಿನಲ್ಲಿ ಗೆಳೆಯನ ಮನೆಯಲ್ಲಿ ಇಳಿದುಕೊಂಡೆವು. ಶನಿವಾರ ಬೆಳಿಗ್ಗೆ ಶಿಕಾಗೋ ಡೌನ್‌ಟೌನಿನಲ್ಲಿ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಕಾಲೇಜಿನ ನಾಲ್ಕನೇ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಮಕ್ಕಳು ಗೋಡೆಗೆ ಮುಖ ಮಾಡಿ ತುಟಿ ಬುರ್ರೆನ್ನಿಸುತ್ತ ಗಂಟಲು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಅಪ್ಪ ಅಮ್ಮಂದಿರು ಮಡಿಲ ತುಂಬ ಕೋಟುಗಳನ್ನು ಇಟ್ಟುಕೊಂಡು ಕೂತಿದ್ದರು. ಮಗಳ ಹೆಸರು ಕರೆದರು. ಅವಳು ಬೈಂಡರ್ ಎತ್ತಿಕೊಂಡು, ನನ್ನತ್ತ ತಿರುಗದೆ ಒಳಗೆ ಹೋದಳು, ಬಾಗಿಲು ಮುಚ್ಚಿತು.

ಪಕ್ಕದಲ್ಲಿ ಡೌನರ್ಸ್ ಗ್ರೋವ್‌ನಿಂದ ಬಂದ ಒಬ್ಬ ತಾಯಿ ಕೂತಿದ್ದರು, ಬಿಳಿಯರು. ಇದು ಅವರ ಮಗನ ಆರನೇ ಆಡಿಶನ್ನಂತೆ. ಮಾತು ಹಾಳೆಗಳ ಕಡೆ ಹೊರಳಿತು. ಮಗನ ಹಾಡನ್ನು ಅವನ ದನಿಗೆ ಸರಿಹೋಗುವ ಶ್ರುತಿಯಲ್ಲಿ ಬರೆಸುವುದೇ ದೊಡ್ಡ ರಗಳೆಯಾಯಿತು ಅಂದರು. ನಾನು ದೊಡ್ಡ ಪಂಡಿತನ ಹಾಗೆ, ಅದಕ್ಕೆ ಯಾಕೆ ಅಷ್ಟು ಕಷ್ಟ, ಪಿಯಾನೋದವರಿಗೆ ಹೇಳಿದರೆ ಅಲ್ಲೇ ಬದಲಾಯಿಸಿ ಬಾರಿಸುವುದಿಲ್ಲವೆ ಅಂದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಬೈಯುವುದಕ್ಕೆ ಮನಸ್ಸು ಬಾರದ ನೋಟ ಅದು. ಹಾಳೆಯಲ್ಲಿ ಏನಿದೆಯೋ ಅದನ್ನೇ ಬಾರಿಸುತ್ತಾರೆ, ಬೇರೆ ಶ್ರುತಿ ಕೇಳಲೇಬಾರದು, ನಿಯಮದಲ್ಲೇ ಇದೆ ಅಂತ ಫೋನಿನಲ್ಲಿ ತೆಗೆದು ತೋರಿಸಿದರು. ಆ ನಿಯಮಗಳು ನನಗೂ ಇಮೇಲಿನಲ್ಲಿ ಬಂದಿದ್ದವು. ಪಾರ್ಕಿಂಗ್ ಎಲ್ಲಿ ಅನ್ನುವವರೆಗೆ ಮಾತ್ರ ಓದಿದ್ದೆ.

ನಮ್ಮ ಬೈಂಡರಿನಲ್ಲಿದ್ದದ್ದು ಬಿಳಿ ನಾಲ್ಕು. ಎದ್ದು ಬಾಗಿಲ ಹತ್ತಿರ ಹೋದೆ. ಅಲ್ಲಿ ನಿಂತಿದ್ದ ಕಾಲೇಜಿನ ಹುಡುಗಿ ನಗುತ್ತಲೇ ಕೈ ಅಡ್ಡ ಹಿಡಿದಳು, ಪೇರೆಂಟ್ಸ್ ಒಳಗೆ ಹೋಗುವ ಹಾಗಿಲ್ಲ. ಅಷ್ಟರಲ್ಲಿ ಒಳಗೆ ಪಿಯಾನೋದಲ್ಲಿ ನಿಧಾನದ ಹಾಡು ಶುರುವಾಯಿತು. ಬಿಳಿ ನಾಲ್ಕು. ನನ್ನ ಕಿವಿ ತಪ್ಪುವುದಿಲ್ಲ, ಸಂಬಳ ಕೊಡುವುದೇ ಅದಕ್ಕೆ. ಮಗಳ ಮೊದಲ ಸಾಲು ಕೇಳಿಸಿತು. ಎರಡನೆಯದು ಶುರುವಾಗುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಹತ್ತಿಪ್ಪತ್ತು ಜನ ಲೋಹದ ಅಟ್ಟೆಯ ಬೂಟು ಹಾಕಿಕೊಂಡು ಒಟ್ಟಿಗೆ ಟ್ಯಾಪ್ ಕುಣಿತ ಕುಟ್ಟತೊಡಗಿದರು. ಆ ಸದ್ದಿನಲ್ಲಿ ಮೂರನೇ ಸಾಲು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಅವಳು ನಿಲ್ಲಿಸಿದಳೋ, ದನಿ ಒಡೆಯಿತೋ, ಒಂದೂ ತಿಳಿಯಲಿಲ್ಲ. ಹದಿನೇಳು ವರ್ಷದ ಹುಡುಗಿ ಎರಡು ವರ್ಷದಿಂದ ಬಯಸಿದ್ದನ್ನು ಅಪ್ಪನ ಜಾಣತನ ನುಂಗಿಹಾಕಿತು ಅಂತ ನಾನು ತೀರ್ಮಾನ ಮಾಡಿಕೊಂಡೆ.

ಹೊರಗೆ ಬಂದಳು. "ಹೆಂಗಾತವ್ವ?" ಅಂದೆ. "ಫೈನ್," ಅಂದಳು. ಹದಿನೇಳರ ವಯಸ್ಸಿನಲ್ಲಿ ಆ ಒಂದು ಪದಕ್ಕೆ ಏನು ಬೇಕಾದರೂ ಅರ್ಥ ಇರಬಹುದು. ಜಾಕೆಟ್ ಹಾಕಿಕೊಂಡು ನಡೆದೇಬಿಟ್ಟಳು.

ವಾಪಸು ಬರುವಾಗ ಇಂಡಿಯಾನಾ ರಾಜ್ಯ ದಾಟುವವರೆಗೆ, ಹೇಳಲೋ ಬೇಡವೋ ಅಂತ ಲೆಕ್ಕ ಹಾಕಿದೆ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಚಿಪ್ಸ್ ತಿನ್ನುತ್ತಿದ್ದಳು. ಹೇಳಿದರೆ ನನ್ನ ಮೇಲೆ ಸಿಟ್ಟಾಗುತ್ತಾಳೆ, ಹೇಳದಿದ್ದರೆ ತನ್ನ ಗಂಟಲೇ ಸರಿಯಿಲ್ಲ ಅಂತ ಕೊರಗುತ್ತಾಳೆ. ಎರಡನೆಯದು ನನಗೆ ಸಹಿಸಲು ಆಗುವಂಥದ್ದಲ್ಲ. ಮಿಷಿಗನ್ ಒಳಗೆ ಬಂದ ಮೇಲೆ ಹೈವೇ ಬದಿಯಲ್ಲಿ ಮೊದಲು ಕಂಡ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿದೆ. ಇನ್ನೂ ಬಿಸಿಲಿತ್ತು.

"ನೋಡವ್ವ, ನಂದೊಂದು ತಪ್ಪಾಗೇದ," ಅಂತ ಶುರುಮಾಡಿದೆ. ವೆಬ್‌ಸೈಟು, ಮೂಲ ಶ್ರುತಿ, ಓದದೆ ಬಿಟ್ಟ ನಿಯಮ ಎಲ್ಲವನ್ನೂ ಹೇಳಿದೆ. "ನಿನ್ನ ದನಿ ಒಡದಿದ್ರ ಅದು ನಿನ್ನ ತಪ್ಪಲ್ಲ, ನಂದು," ಅಂದೆ.

ಅವಳು ಇಯರ್‌ಫೋನ್ ತೆಗೆದಳು. "ಅಪ್ಪಾ, ಐ ನೋ."

"ಏನು ಗೊತ್ತು?"

"ನೀ ಬೈಂಡರ್ ಕೊಟ್ಟ ದಿನಾನೇ ನೋಡ್ದೆ." ಆಮೇಲೆ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದಳು. ಮರುದಿನವೇ ಸಂಗೀತದ ಟೀಚರ್ ಹತ್ತಿರ ಹೋಗಿದ್ದಳು. ಹೊಸದಾಗಿ ಪ್ರಿಂಟ್ ತೆಗೆಯಬಹುದಿತ್ತು, ಆದರೆ ಎತ್ತರದಲ್ಲೇ ಹಾಡು, ನಿನಗೆ ಆಗುತ್ತದೆ ಅಂದಿದ್ದರು ಅವರು. ಎರಡು ತಿಂಗಳು ದಿನಾ ಲಂಚ್ ಹೊತ್ತಿಗೆ ಬಿಳಿ ನಾಲ್ಕರಲ್ಲಿ ಹಾಡಿದ್ದಾಳೆ. ಇವತ್ತು ಮೂರನೇ ಸಾಲು ಎಲ್ಲೂ ಒಡೆದಿಲ್ಲ.

"ಮತ್ತ ದಿನಾ ಸಂಜಿ ನನ್ನ ಜೋಡಿ ಕರಿ ಎರಡರಾಗ ಯಾಕ ಹಾಡಿದಿ?"

ಚಿಪ್ಸ್ ಪೊಟ್ಟಣದ ಬಾಯಿ ಮಡಚಿದಳು. "ನಿಂಗ ಖುಷಿ ಇತ್ತಲ್ಲಪ್ಪಾ," ಅಂದಳು, ತನ್ನ ಅರ್ಧಂಬರ್ಧ ಕನ್ನಡದಲ್ಲಿ. "ಆಫೀಸಿಂದ ಬಂದು, ಶೂ ತೆಗೆದು, ಡೈರೆಕ್ಟ್ ಬೇಸ್‌ಮೆಂಟ್. ಯು ನೆವರ್ ಡೂ ದಟ್."

ಮೊದಲು ಎದೆಯ ಮೇಲಿನ ಭಾರ ಇಳಿಯಿತು. ಆಮೇಲೆ ಎರಡು ತಿಂಗಳು ನನ್ನನ್ನು ಮಂಗ ಮಾಡಿದ್ದಾಳಲ್ಲ ಅಂತ ಸಿಟ್ಟು ಬಂತು. ಸಿಟ್ಟು ಪೂರ್ತಿ ಏರುವ ಮೊದಲೇ ನಗು ಬಂದು ಅದನ್ನು ಕೆಡಿಸಿತು. ಹೆಂಡತಿಗೆ ಫೋನ್ ಮಾಡಿ ವರದಿ ಒಪ್ಪಿಸಿದರೆ, "ನನಗ ಮೊದಲ ಗೊತ್ತಿತ್ರಿ. ನಿಮಗ ಹೇಳಬ್ಯಾಡ ಅಂದಿದ್ಲು," ಅಂತ ಅವಳೂ ನಕ್ಕಳು. ಮನೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ.

ಸೀಟು ಸಿಕ್ಕ ಇಮೇಲು ಬಂದದ್ದು ಮಾರ್ಚಿನಲ್ಲಿ. ಎಲ್ಲರೂ ಕುಣಿದಾಡಿದರು, ನಾನೂ ಸಿಹಿ ಹಂಚಿದೆ. ಆದರೆ ನನಗೆ ನಿಜವಾದ ನೆಮ್ಮದಿ ಸಿಕ್ಕಿದ್ದು ಆ ರೆಸ್ಟ್ ಏರಿಯಾದಲ್ಲಿ. ಆವತ್ತು ಮತ್ತೆ ಹೈವೇಗೆ ಬಂದ ಮೇಲೆ, "ಒಳಗ ಹೆಂಗ ಹಾಡಿದಿ, ಹಂಗ ಒಮ್ಮೆ ಹಾಡವ್ವ," ಅಂದೆ. ಬಿಳಿ ನಾಲ್ಕರಲ್ಲಿ ಎತ್ತಿಕೊಂಡಳು. ಮೂರನೇ ಸಾಲಿಗೆ ಬಂದಾಗ ನಾನು ಉಸಿರು ಹಿಡಿದೆ, ಅವಳು ಹಿಡಿಯಲಿಲ್ಲ. ಸ್ಟೀರಿಂಗ್ ಮೇಲೆ ನನ್ನ ಬೆರಳು ಸುಮ್ಮನಿದ್ದವು. ನಾನು ಜೊತೆಗೆ ಬಾರಿಸದೆ ಅವಳ ಆ ಹಾಡನ್ನು ಪೂರ್ತಿ ಕೇಳಿದ್ದು ಅದೇ ಮೊದಲು.