ಬೆಂಕಿಯ ದಿನ ನೀರು ತಿರುಗಿಸಿದವರು

ಒಣಹುಲ್ಲಿನಿಂದ ಹಬ್ಬಿದ ಬೆಂಕಿಯು ಕೊಲ್ಲಿ ನಾಡಿನ ಅಲ್ ಅಮೇರಾತ್ ಸಮೀಪದ ಖರ್ಜೂರದ ತೋಟವೊಂದನ್ನು ಹೊಕ್ಕಾಗ, ಪಕ್ಕದ ತೋಟದ ವೃದ್ಧರಾದ ಸಾಲಿಂ ಅವರು ತಮ್ಮ ಸರದಿಯ ಕಾಲುವೆ ನೀರನ್ನು ಅತ್ತ ತಿರುಗಿಸುತ್ತಿದ್ದುದನ್ನು ಖುದ್ದಾಗಿ ಕಂಡೆನೆಂದು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ. ಈ ಬೇಸಿಗೆಯಲ್ಲಿ ಇಂತಹ ಬೆಂಕಿ ಪದೇ ಪದೇ ಕಾಣಿಸಿಕೊಂಡಿದ್ದು, ನೀರು ಸಾಲದೆ ಸಾಲಿಂ ಅವರ ಗಿಡಗಳೂ ಬಾಡಿದ್ದವು.

"ಚಾಚಾ, ಅದು ಗೆಳೆಯರ ತೋಟವೇ?" ಎಂದು, ಕಾರು ನಿಲ್ಲಿಸಿ ಓಡಿಬಂದಿದ್ದ ನಾನು ಹಿಂದಿಯಲ್ಲಿ ವಿಚಾರಿಸಿದೆನು.

"ಗೆಳೆಯನೇ? ಆ ಹಮದ್ ಜೊತೆ ಮಾತು ಬಿಟ್ಟು ವರ್ಷಗಳಾದವು. ಮರಗಳ ಜೊತೆ ನನಗೇನು ಜಗಳ? ಯಲ್ಲಾ, ಬೇಗ ಬಕೆಟ್ ಹಿಡಿ!"

ಬೆಂಕಿ ಆರಿದ ತರುವಾಯ ಹಮದ್ ಅವರು ಕಾಫಿ ತಂದು, ತುಟಿ ಬಿಚ್ಚದೆ ಸಾಲಿಂ ಅವರಿಗೆ ಬಗ್ಗಿಸಿ ಕೊಟ್ಟರು. ಸಾಕೆನ್ನಲು ಬಟ್ಟಲನ್ನು ಅಲುಗಿಸುವುದು ಇಲ್ಲಿನ ರೂಢಿ.

ಹಮದ್ ಅವರು ಬಟ್ಟಲನ್ನು ಮತ್ತೆ ಮತ್ತೆ ತುಂಬಿಸಿದರು. ಹೂಜಿಯ ಕಾಫಿ ಮುಗಿಯುವವರೆಗೂ ಸಾಲಿಂ ಅವರು ಬಟ್ಟಲನ್ನು ಅಲುಗಿಸಲಿಲ್ಲ ಎಂಬುದನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ.