ಹಗೇವಿನ ಬಾಯಲ್ಲಿ ಲುಂಗಿಸ್ವಾ

ಆ ಹೊಲಮನೆಯಲ್ಲಿ ಲುಂಗಿಸ್ವಾ ಹೆದರದೆ ಇದ್ದ ವಸ್ತು ಒಂದೂ ಇರಲಿಲ್ಲ. ಹುಲ್ಲುಮಾಡಿನೊಳಗೆ ಏನೋ ಸರಿದರೆ ಹೆದರುತ್ತಿದ್ದಳು, ಮಳೆನೀರಿನ ಟ್ಯಾಂಕಿನ ಮುಚ್ಚಳಕ್ಕೆ ಹೆದರುತ್ತಿದ್ದಳು. ಮಗು ಕೆಮ್ಮಿದರೆ ಭಯ. ಬಹಳ ಹೊತ್ತು ಸದ್ದು ಮಾಡದಿದ್ದರೆ ಇನ್ನೂ ಭಯ. ಡರ್ಬನ್ನಿನಲ್ಲಿ ಓದಿ, ಅಲ್ಲೇ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವಳು. ಯಾವ ಮಾತ್ರೆಯಿಂದ ಏನೇನು ಕೇಡಾಗಬಹುದೆಂದು ಡಬ್ಬಿಯೊಳಗಿನ ಚೀಟಿಗಳನ್ನು ಓದಿ ಓದಿ ಹೀಗಾದಳೆಂದು ಗಂಡ ಲಿಂಡಿಲೆ ನಗುತ್ತಿದ್ದ.

ಲಿಂಡಿಲೆಯ ತಂದೆ ತೀರಿಕೊಂಡ ಮೇಲೆ ಎಂಬಾಶೆ ನದಿಯ ದಂಡೆಯ ಆ ಜಮೀನು ವರ್ಷಗಟ್ಟಲೆ ಪಾಳುಬಿದ್ದಿತ್ತು. ಡರ್ಬನ್ನಿನ ಬಾಡಿಗೆ ಕೋಣೆ ಸಾಕಾಗಿ, ತಾಯಿಯನ್ನೂ ಕರೆದುಕೊಂಡು ಅವರು ಅಲ್ಲಿಗೆ ಬಂದಾಗ ಮೂರು ದುಂಡು ಗುಡಿಸಲುಗಳಲ್ಲಿ ಎರಡಕ್ಕೆ ಸೂರೇ ಇರಲಿಲ್ಲ. ಕರೆಂಟಿನ ಕಂಬಗಳು ನದಿಯಾಚೆಗೇ ನಿಂತುಬಿಟ್ಟಿದ್ದವು. ಗೋಡೆಗೆ ಮಣ್ಣು ಮೆತ್ತಿದರು, ಮಾಡಿಗೆ ಹೊಸ ಹುಲ್ಲು ಹೊದಿಸಿದರು, ಒಂದು ಸೋಲಾರ್ ಹಲಗೆ ಕಟ್ಟಿ ಎರಡು ದೀಪ ಉರಿಸಿಕೊಂಡರು. ಫೋನಿನಲ್ಲಿ ಮಾತಾಡಬೇಕೆಂದರೆ ಗುಡ್ಡ ಹತ್ತಬೇಕಿತ್ತು.

ದನದ ದೊಡ್ಡಿಯ ಕಲ್ಲುಗೋಡೆ ಮಾತ್ರ ಗಟ್ಟಿಯಾಗಿತ್ತು. ಅದರೊಳಗೆ ಸೊಸೆಯಾದವಳು ಕಾಲಿಡುವಂತಿಲ್ಲ. ಮಾವ, ಮಾವನ ಅಪ್ಪ, ಅವರಪ್ಪ ಎಲ್ಲ ಕೂರುತ್ತಿದ್ದ ಜಾಗ ಅದು. ಸತ್ತ ಮೇಲೂ ಅಲ್ಲೇ ಕೂತಿರುತ್ತಾರೆ. ಲುಂಗಿಸ್ವಾ ಅದರ ಬಾಗಿಲನ್ನು ದಾಟುವಾಗ ತಲೆವಸ್ತ್ರ ಸರಿಮಾಡಿಕೊಂಡು ದೂರದಿಂದಲೇ ಸುತ್ತುಹಾಕಿ ಹೋಗುತ್ತಿದ್ದಳು.

ಮೊದಲ ಬೆಳೆ ಕೈತುಂಬ ಬಂತು. ಇಡಲು ಜಾಗವಿಲ್ಲ, ಹೊರಗಿಟ್ಟರೆ ಹುಳ. ಆಗ ಲಿಂಡಿಲೆಗೆ ಅಪ್ಪನ ಹಗೇವು ನೆನಪಾಯಿತು. ದೊಡ್ಡಿಯ ನಡುವೆ, ಒಣಸಗಣಿಯ ಕೆಳಗೆ, ಚಪ್ಪಡಿ ಮುಚ್ಚಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಂದಾಳಿಗಿಂತ ತುಸು ಹೆಚ್ಚು ಆಳ. ಚಪ್ಪಡಿ ಎತ್ತಿದಾಗ ಬಂದ ನಾತ ಗುಡಿಸಲಿನವರೆಗೂ ಹೊಡೆಯಿತು. ಎಂದೋ ತುಂಬಿದ್ದ ಜೋಳ ತಳದಲ್ಲಿ ಕೊಳೆತು ಕೆಸರಾಗಿತ್ತು.

"ವಾರವಿಡೀ ಬಾಯಿ ತೆರೆದಿಡು," ಅಂದರು ಅತ್ತೆ. "ಕೆಟ್ಟ ಗಾಳಿ ಹೋಗ್ಲಿ. ಆಮೇಲೆ ದೀಪ ಇಳಿಸಿ ನೋಡು. ಅದು ಆರದೇ ಇದ್ರೆ ನೀನು ಇಳಿ."

ಲುಂಗಿಸ್ವಾಗೆ ಮಗನ ಯೋಚನೆ ಹತ್ತಿತು. ಒಂದೂವರೆ ವರ್ಷದ ಮಿಲಾ ಆಗಷ್ಟೇ ಓಡಲು ಕಲಿತಿದ್ದ. ಗಂಡನನ್ನು ಬದಿಗೆ ಕರೆದು ಹೇಳಿದಳು: "ಮಿಲಾನ ಅಪ್ಪಾ, ಹಗಲು ಇವನನ್ನ ಬೆನ್ನಿಗೆ ಕಟ್ಕೋತೀನಿ, ರಾತ್ರಿಯಾದ್ರೂ ಅದನ್ನ ಮುಚ್ಚು."

"ರಾತ್ರಿ ಎದ್ದು ನಿನ್ನ ಮಗ ದೊಡ್ಡಿಗೆ ಯಾಕೆ ಹೋಗ್ತಾನೆ? ದನ ಎಣಿಸೋಕಾ?"

"ಬೆಳಗ್ಗೆ ಬೇಗ ಎದ್ದು ಹೋದ್ರೆ? ನೀನು ಇನ್ನೂ ಮಲಗಿದ್ರೆ? ನಾನು ಒಳಗೆ ಬರೋ ಹಾಗೇ ಇಲ್ವಲ್ಲ! ಬಾಗಿಲಲ್ಲಿ ನಿಂತು ಅವನು ಬೀಳೋದನ್ನ ನೋಡ್ಲಾ? ನನ್ನಾಣೆ, ಮುಚ್ಚು."

ಅವಳ ಕಣ್ಣು ನೋಡಿ ಅವನು ಒಪ್ಪಿದ. ತಾಯಿಗೆ ಹೇಳದೆ ದಿನಾ ಸಂಜೆ ಚಪ್ಪಡಿ ಎಳೆದು, ಬೆಳಗಾದರೆ ಸರಿಸುತ್ತಿದ್ದ. ವಾರ ಕಳೆದು ಒಂದು ಸಂಜೆ ಇಳಿಸಿದ ದೀಪ ಆರಲಿಲ್ಲ. ಅಂದೂ ಮುಚ್ಚಿದ. ಮಾರನೆಯ ಬೆಳಿಗ್ಗೆ, ನಿನ್ನೆ ತಾನೇ ನೋಡಿದೆನಲ್ಲ ಎಂದುಕೊಂಡು, ಚಪ್ಪಡಿ ಸರಿಸಿದವನೇ ಬಕೆಟ್ಟು ಸಲಿಕೆ ಹಿಡಿದು ಏಣಿಯಲ್ಲಿ ಇಳಿದುಬಿಟ್ಟ.

ಲುಂಗಿಸ್ವಾ ಅಂಗಳದಲ್ಲಿ ಒಲೆಯ ಮುಂದೆ ಕೂತಿದ್ದಳು. ಕುಟ್ಟಿದ ಜೋಳ, ಹುರುಳಿಕಾಯಿ ಬೀಜ ಬೇಯುತ್ತಿದ್ದವು. ಸಲಿಕೆ ಕೆರೆಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು. ದಣಿವಾರಿಸಿಕೊಳ್ಳುತ್ತಿರಬೇಕು ಎಂದುಕೊಂಡಳು. ಏಣಿ ಕಿರುಗುಟ್ಟಿತು, ಮತ್ತೆ ಸುಮ್ಮನಾಯಿತು.

"ಮಿಲಾನ ಅಪ್ಪಾ?"

ಉತ್ತರವಿಲ್ಲ. ಬೆನ್ನಿಗೆ ಕಟ್ಟಿಕೊಂಡಿದ್ದ ಮಗುವನ್ನು ಬಿಚ್ಚಿ ನೆಲಕ್ಕಿಳಿಸಿ ಓಡಿದಳು. ದೊಡ್ಡಿಯ ಬಾಗಿಲಿಗೆ ಬಂದದ್ದೇ ಕಾಲು ತಾನಾಗಿ ನಿಂತಿತು. ಕಿರುಚಿದಳು. ಮಂಡಿನೋವಿನ ಅತ್ತೆ ಕೋಲೂರಿಕೊಂಡು ಗುಡಿಸಲಿನಿಂದ ಹೊರಬಂದರು.

"ಯಾಕೇ ನಿಂತೆ? ಹೋಗೇ!"

"ಅತ್ತೇ, ಒಳಗೆ... ಮಾವನವರು..."

"ಸತ್ತೋರ ಹತ್ರ ನಾನು ಮಾತಾಡ್ಕೋತೀನಿ! ಬದುಕಿರೋನನ್ನ ನೀನು ನೋಡು. ಓಡೇ!"

ಹೋದಳು. ಅಂಗಾಲಿಗೆ ತಣ್ಣನೆ ಸಗಣಿ ತಾಗಿತು. ತಲೆ ಸುತ್ತಿ ಮೇಲೆ ಬರಲು ನೋಡಿದ ಲಿಂಡಿಲೆ ಅರ್ಧದಲ್ಲೇ ಏಣಿಗೆ ಜೋತುಬಿದ್ದಿದ್ದ. ಒಂದು ತೋಳು ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು, ತಲೆ ವಾಲಿತ್ತು. ಅವಳು ಏಣಿಗೆ ಕಾಲು ಹಾಕಿದಳು.

"ಇಳೀಬೇಡ!" ಅತ್ತೆಯ ಕೂಗು ಬೆನ್ನಿಗೆ ಬಿತ್ತು. "ಇಬ್ಬರ ಹೆಣ ನಾನೊಬ್ಬಳು ಎಳೀಲಾ? ಬೋರಲು ಮಲಗು. ಉಸಿರು ಬಿಗಿಹಿಡಿದು ಕೈ ಹಾಕು!"

ಮಲಗಿದಳು. ಅತ್ತೆ ಬಂದು ಅವಳ ಕಾಲಮೇಲೆ ಕುಕ್ಕರಿಸಿದರು. ಉಸಿರು ಕಟ್ಟಿ ತಲೆ ಒಳಹಾಕಿ ಗಂಡನ ಮೇಲಂಗಿಯ ಕೊರಳಪಟ್ಟಿ ಹಿಡಿದು ಎಳೆದಳು. ಪೂರ್ತಿ ಮೇಲೆತ್ತುವ ಶಕ್ತಿ ಅವಳಿಗೆಲ್ಲಿ? ತಲೆಯೊಂದು ಹಗೇವಿನ ಬಾಯಿಯಿಂದ ಹೊರಬಂತು, ಅಷ್ಟೇ. ಗದ್ದಕ್ಕೆ ಎರಡೂ ಕೈ ಕೊಟ್ಟು ಹಾಗೇ ಹಿಡಿದಳು. ತುಟಿ ನೀಲಿಗಟ್ಟಿತ್ತು. ಬಿಟ್ಟರೆ ಜಾರುತ್ತಾನೆ. ಹಿಡಿದುಕೊಂಡೇ ಎಷ್ಟು ಹೊತ್ತು? ಅತ್ತೆ ಪಕ್ಕದ ಹೊಲದವರನ್ನು ಕೂಗಿ ಕರೆಯುತ್ತಿದ್ದರು.

ಆಗ ಅವಳ ಕಿವಿಗೆ ಪುಟ್ಟ ಹೆಜ್ಜೆಗಳ ಸದ್ದು ಬಿತ್ತು. ಮಿಲಾ ಅಮ್ಮನನ್ನು ಹುಡುಕಿಕೊಂಡು ನೇರ ಹಗೇವಿನ ಕಡೆಗೇ ಓಡಿಬರುತ್ತಿದ್ದ.

"ಅತ್ತೇ! ಮಗು! ಮಗು!"

ಕೈ ಬಿಡುವಂತಿಲ್ಲ, ಏಳುವಂತಿಲ್ಲ. ಅತ್ತೆ ಕೂತಲ್ಲಿಂದಲೇ ಕೋಲು ಚಾಚಿ ಅದರ ಬಾಗಿದ ಹಿಡಿಯನ್ನು ಮಗುವಿನ ಅಂಗಿಗೆ ಸಿಕ್ಕಿಸಿ ಎಳೆದುಕೊಂಡರು. "ಬಾರೋ ಮರಿ, ಅಜ್ಜಿ ಮಡಿಲಿಗೆ. ಇವತ್ತು ಮನೆಯೋರೆಲ್ಲ ಇಲ್ಲೇ ಕೂರೋದು."

ಲಿಂಡಿಲೆ ಒಮ್ಮೆ ಗೊರಕ್ಕೆಂದ. ಕೆಮ್ಮಿದ. ಅವಳ ಮುಂಗೈ ಮೇಲೆ ವಾಂತಿ ಮಾಡಿಕೊಂಡ. ಪಕ್ಕದ ಹೊಲದ ಸಂದಿಸೊ ತಮ್ಮನೊಂದಿಗೆ ಬಂದು ಕಂಕುಳಿಗೆ ಹಗ್ಗ ಹಾಕಿ ಎಳೆದು ಹಾಕುವವರೆಗೂ ಅವಳು ಗದ್ದ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ, ಅವಳ ಬೆರಳುಗಳನ್ನು ಸಂದಿಸೊನೇ ಬಿಡಿಸಬೇಕಾಯಿತು.

"ರಾತ್ರಿ ಮುಚ್ಚಿದ್ರಾ ಇದನ್ನ?" ಸಂದಿಸೊ ಗದರಿದ. "ಮುಚ್ಚಿದ್ರೆ ಕೆಟ್ಟ ಗಾಳಿ ಮತ್ತೆ ತುಂಬ್ಕೊಳ್ಳುತ್ತೆ. ತಲೆ ಇದೆಯಾ ನಿಮಗೆ?"

"ನಾನೇ ಮುಚ್ಚು ಅಂದಿದ್ದು," ಅಂದಳು ಲುಂಗಿಸ್ವಾ. ಮಗ ಉಳಿಯಲೆಂದು ಹೆದರಿ ಗಂಡನನ್ನೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂಬುದು ಆಗ ತಟ್ಟಿತು.

ಅತ್ತೆ ಅವಳನ್ನು ಬೈಯಲಿಲ್ಲ. ಆ ವಾರವೇ ಹಿರಿಯರಿಗೆಂದು ಜೋಳದ ಹೆಂಡ ಹುದುಗಿಸಿ, ದೊಡ್ಡಿಯಲ್ಲಿ ನಿಂತು, ಸತ್ತ ಗಂಡನಿಗೆ ದೊಡ್ಡ ದನಿಯಲ್ಲೇ ಹೇಳಿದರು: "ಸೊಸೆ ಒಳಗೆ ಬಂದಿದ್ಲು. ನಿನ್ನ ಮಗನನ್ನ ಎತ್ತೋಕೆ. ಸಿಟ್ಟಿದ್ರೆ ನನ್ನ ಮೇಲಿರ್ಲಿ, ನಲವತ್ತು ವರ್ಷದಿಂದ ರೂಢಿಯಾಗಿದೆ." ಹಗೇವಿಗೆ ಕಲ್ಲುಮಣ್ಣು ತುಂಬಿಸಿದರು. ಜೋಳ ಮೂಟೆಗಳಲ್ಲಿ ಮಲಗುವ ಗುಡಿಸಲಿಗೇ ಬಂತು, ಹುಳವೂ ಜೊತೆಗೆ.

ಲುಂಗಿಸ್ವಾಳ ಹೆದರಿಕೆ ಕಡಿಮೆಯಾಗಿಲ್ಲ. ಮಧ್ಯಾಹ್ನ ಮೂಟೆಗೊರಗಿ ಮಗು ನಿದ್ದೆಹೋದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಾಳೆ. ಆಮೇಲೆ ಪಕ್ಕದಲ್ಲಿ ಮಲಗಿದ ಗಂಡನ ಮೂಗಿಗೂ ಹಿಡಿಯುತ್ತಾಳೆ.

"ಇದ್ದೀನಿ ಕಣೇ," ಅನ್ನುತ್ತಾನೆ ಅವನು ಕಣ್ಣು ತೆರೆಯದೆ. "ಮಲಗೋಕ್ ಬಿಡು."

ಅವಳು ಬೆರಳು ತೆಗೆಯುವುದಿಲ್ಲ. ಇನ್ನೊಂದು ಉಸಿರು ಬರುವವರೆಗೆ ಕಾಯುತ್ತಾಳೆ.